‘ಹೋಮ್ ನರ್ಸ್’ ಬೇಕು ಅನ್ನುವ ಮೊದಲು: ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಮನೆ ಆರೈಕೆಯ ಸೇವೆ ಆರಿಸುವುದು ಹೇಗೆ

ಲಕ್ವ ಹೊಡೆದ ಅಪ್ಪನನ್ನೋ, ಸೊಂಟದ ಮೂಳೆ ಮುರಿದ ಅವ್ವನನ್ನೋ ನಾಳೆ ಡಿಸ್ಚಾರ್ಜ್ ಮಾಡುತ್ತಾರೆ ಅಂದಾಗ ಮನೆಯವರು ವಾರ್ಡಿನ ಆಯಾಗೋ, ಎದುರಿನ ಮೆಡಿಕಲ್ ಶಾಪಿನವರಿಗೋ ‘ಯಾರಾದ್ರೂ ಹೋಮ್ ನರ್ಸ್ ಇದ್ರ ಹೇಳ್ರಿ’ ಅನ್ನುತ್ತಾರೆ. ಸಂಜೆಯೊಳಗೆ ಎರಡು ಮೂರು ನಂಬರ್ ಸಿಗುತ್ತವೆ. ಫೋನ್ ಹಚ್ಚಿದ ಕೂಡಲೇ ಕೇಳುವುದು ‘ತಿಂಗಳಿಗೆ ಎಷ್ಟು?’ ಎಂದು. ಎಡವಟ್ಟು ಶುರುವಾಗುವುದು ಅಲ್ಲೇ. ನಮ್ಮ ಕಡೆ ‘ಹೋಮ್ ನರ್ಸ್’ ಅಂದರೆ ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದವರೂ ಆಗಬಹುದು, ಹೋದ ವಾರದವರೆಗೆ ಪಾತ್ರೆ ತೊಳೆಯುತ್ತಿದ್ದು ಈಗ ಏಜೆನ್ಸಿಯ ಏಪ್ರನ್ ತೊಟ್ಟವರೂ ಆಗಬಹುದು. ಎರಡನೆಯವರು ಕೆಟ್ಟವರೆಂದಲ್ಲ. ಎಷ್ಟೋ ಮನೆಗಳಿಗೆ ಬೇಕಾಗಿರುವುದು ಅವರೇ. ಆದರೆ ಅವರ ಕೈಯಲ್ಲಿ ಸಿರಿಂಜ್ ಕೊಟ್ಟರೆ ತಪ್ಪು ಅವರದಲ್ಲ, ಆರಿಸಿದವರದು.

ಆದ್ದರಿಂದ ದರ ಕೇಳುವ ಮೊದಲು ಒಂದು ಹಾಳೆ ತೆಗೆದುಕೊಂಡು ರೋಗಿಗೆ ದಿನಕ್ಕೆ ಏನೇನು ಕೆಲಸ ಆಗಬೇಕು ಎಂದು ಬರೆಯಿರಿ. ಡಿಸ್ಚಾರ್ಜ್ ಚೀಟಿ ಎದುರಿಗಿಟ್ಟುಕೊಂಡು ವಾರ್ಡಿನ ಸಿಸ್ಟರ್ ಹತ್ತಿರ ಕೂತು ಬರೆದರೆ ಇನ್ನೂ ಒಳ್ಳೆಯದು.

ಯಾವ ಕೆಲಸ ಯಾರದು

ಮೈ ಒರೆಸುವುದು, ಡೈಪರ್ ಬದಲಿಸುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ಹಿಡಿದು ನಡೆಸುವುದು, ಡಬ್ಬಿಯಲ್ಲಿ ಎಣಿಸಿಟ್ಟ ಮಾತ್ರೆ ಕೊಡುವುದು, ಬಿಪಿ ಮಿಷನ್ ಹಚ್ಚಿ ಅಂಕಿ ಬರೆಯುವುದು: ಇವು ಕೇರ್‌ಟೇಕರ್ ಮಾಡಬಹುದಾದ ಕೆಲಸ. ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಆಗಿದ್ದರೆ ಒಳ್ಳೆಯದು, ಇಲ್ಲದಿದ್ದರೂ ವಾರ್ಡಿನಲ್ಲಿ ಕೆಲಸ ಮಾಡಿದ ಅನುಭವವಿದ್ದರೆ ಸಾಕಾಗುತ್ತದೆ.

ಇಂಜೆಕ್ಷನ್, ಐವಿ ಅಂದರೆ ರಕ್ತನಾಳಕ್ಕೆ ನೇರವಾಗಿ ಔಷಧ ಕೊಡುವುದು, ಮೂತ್ರದ ಕ್ಯಾಥೆಟರ್ (ನಳಿಕೆ) ಹಾಕುವುದು, ಮೂಗಿನ ನಳಿಕೆ ಅಂದರೆ ರೈಲ್ಸ್ ಟ್ಯೂಬ್ ಹಾಕುವುದು, ಆಳವಾದ ಹುಣ್ಣಿನ ಡ್ರೆಸ್ಸಿಂಗ್, ಟ್ರಕಿಯಾಸ್ಟಮಿ (ಉಸಿರಾಟಕ್ಕೆ ಕುತ್ತಿಗೆಯಲ್ಲಿ ಮಾಡಿದ ತೂತು) ಇದ್ದರೆ ಕಫ ಎಳೆಯುವುದು: ಇವಕ್ಕೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾದ ನರ್ಸ್ ಬೇಕು. ಜಿಎನ್‌ಎಂ (ಜನರಲ್ ನರ್ಸಿಂಗ್ ಡಿಪ್ಲೊಮಾ) ಮೂರು ವರ್ಷದ ಕೋರ್ಸ್, ಬಿ.ಎಸ್ಸಿ. ನಾಲ್ಕು ವರ್ಷದ್ದು. ಎಎನ್‌ಎಂ (ಸಹಾಯಕ ನರ್ಸ್ ಕೋರ್ಸ್) ಎರಡು ವರ್ಷದ್ದು; ಅದರ ಒತ್ತು ತಾಯಿ ಮಕ್ಕಳ ಆರೋಗ್ಯ, ಲಸಿಕೆ, ಹೆರಿಗೆಯ ಕಡೆಗೆ. ‘ನಮ್ಮ ಹುಡುಗಿ ನರ್ಸಿಂಗ್ ಮಾಡ್ಯಾಳ್ರಿ’ ಅಂದರೆ ಯಾವ ನರ್ಸಿಂಗ್, ನೋಂದಣಿ ಸಂಖ್ಯೆ ಎಷ್ಟು ಎಂದು ಕೇಳಬೇಕು. ಓದು ಅರ್ಧಕ್ಕೆ ಬಿಟ್ಟವರಿಗೂ, ಇನ್ನೂ ಓದುತ್ತಿರುವವರಿಗೂ ಆ ಸಂಖ್ಯೆ ಇರುವುದಿಲ್ಲ.

ನಡುವೆ ಬೀಳುವ ಕೆಲಸಗಳೂ ಉಂಟು. ರೈಲ್ಸ್ ಟ್ಯೂಬ್ ಹಾಕುವುದು ನರ್ಸ್ ಕೆಲಸ, ಆದರೆ ಅದರಲ್ಲಿ ದಿನಕ್ಕೆ ಐದಾರು ಸಲ ಗಂಜಿ ಹಾಕುವುದನ್ನು ಕೇರ್‌ಟೇಕರ್ ಕಲಿಯಬಹುದು, ಮನೆಯವರೂ ಕಲಿಯಬಹುದು. ಇನ್ಸುಲಿನ್ ಕೂಡ ಹಾಗೆಯೇ, ಡಾಕ್ಟರೋ ನರ್ಸೋ ಎದುರಿಗೆ ನಿಂತು ಕಲಿಸಿದ್ದರೆ. ಕಲಿಸಿದ್ದಾರೋ ಇಲ್ಲವೋ ಎಂದು ನೋಡಿಕೊಳ್ಳುವುದು ನಿಮ್ಮ ಕೆಲಸ.

ಇರುವ ದಾರಿಗಳು

ಏಜೆನ್ಸಿ ಮೂಲಕ ಕೇರ್‌ಟೇಕರ್ ತರಿಸುವುದು ಮೊದಲನೆಯದು. 12 ಗಂಟೆಯ ಪಾಳಿ ಇರುತ್ತದೆ, ಇಲ್ಲವೇ ಮನೆಯಲ್ಲೇ ಇದ್ದು ನೋಡಿಕೊಳ್ಳುವವರು. ಬಂದವರು ಸರಿಹೋಗದಿದ್ದರೆ ಬೇರೆಯವರನ್ನು ಕಳಿಸುತ್ತಾರೆ ಎಂಬುದೇ ಏಜೆನ್ಸಿಗೆ ಹೆಚ್ಚು ದುಡ್ಡು ಕೊಡಲು ಇರುವ ಕಾರಣ. ಹಾಗಾಗಿ ಏಜೆನ್ಸಿಯನ್ನು ತೂಗಬೇಕಾದದ್ದೂ ಅದರ ಮೇಲೆಯೇ: ಬದಲಿ ಎಷ್ಟು ಗಂಟೆಯಲ್ಲಿ ಬರುತ್ತಾರೆ, ಎಲ್ಲಿಂದ ಬರುತ್ತಾರೆ? ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ರಾತ್ರಿ ಬಸ್ಸಿಗೆ ಬರಬೇಕು ಅಂದರೆ ಒಂದು ಪೂರ್ತಿ ದಿನ ಖಾಲಿ. ಸಿಂಧನೂರು, ಕುಷ್ಟಗಿ, ಸಂಡೂರಿನಂಥ ಊರಲ್ಲಿ ಇರುವವರು ಇದನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು. ‘ಜಿಲ್ಲೆಯಲ್ಲೆಲ್ಲಾ ಸರ್ವಿಸ್ ಅದ’ ಅನ್ನುವವರು ತಾಲ್ಲೂಕಿನ ಹೆಸರು ಹೇಳಿದ ಮೇಲೆ ರಾಗ ಬದಲಿಸುವುದುಂಟು.

ಎರಡನೆಯದು ಆಸ್ಪತ್ರೆಯ ನರ್ಸ್ ಒಬ್ಬರು ತಮ್ಮ ಡ್ಯೂಟಿ ಮುಗಿಸಿ ಮನೆಗೆ ಬಂದು ಹೋಗುವುದು. ಡ್ರೆಸ್ಸಿಂಗ್, ಕ್ಯಾಥೆಟರ್ ಬದಲಿಸುವುದು, ಐದು ದಿನದ ಇಂಜೆಕ್ಷನ್ ಇಂಥವಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕೈ ಪಳಗಿರುತ್ತದೆ, ಒಂದು ಭೇಟಿಗೆ ಇಷ್ಟು ಎಂದು ಕೊಟ್ಟರಾಯಿತು. ತೊಂದರೆ ಏನೆಂದರೆ ಅವರ ಪಾಳಿ ಬದಲಾದಾಗ ನಿಮ್ಮ ಎಂಟು ಗಂಟೆಯ ಇಂಜೆಕ್ಷನ್ ಹನ್ನೊಂದಕ್ಕೆ ಹೋಗುತ್ತದೆ. ಇನ್ನೊಂದು ಮಾತು: ಆಂಟಿಬಯಾಟಿಕ್ ಐವಿಯ ಮೊದಲ ಡೋಸ್ ಮನೆಯಲ್ಲಿ ಬೇಡ. ಅಲರ್ಜಿಯಾಗಿ ಉಸಿರು ಕಟ್ಟಿದರೆ ನಿಮಿಷಗಳಲ್ಲಿ ಔಷಧ ಬೇಕಾಗುತ್ತದೆ. ಮೊದಲನೆಯದು ಆಸ್ಪತ್ರೆಯಲ್ಲಿ ಆಗಲಿ, ಉಳಿದವಕ್ಕೆ ಮನೆ.

ಮೂರನೆಯದು ಓಣಿಯ ಯಾರನ್ನಾದರೂ ನೇರವಾಗಿ ಇಟ್ಟುಕೊಳ್ಳುವುದು. ಇದನ್ನು ಬಹಳ ಜನ ಕೀಳಾಗಿ ನೋಡುತ್ತಾರೆ, ನಮ್ಮ ಅಭಿಪ್ರಾಯದಲ್ಲಿ ತಪ್ಪು. ಹಾಸಿಗೆ ಹಿಡಿದು ವರ್ಷಗಟ್ಟಲೆ ಇರುವ, ಆದರೆ ನಳಿಕೆ, ಆಕ್ಸಿಜನ್ ಯಾವುದೂ ಇಲ್ಲದ ಹಿರಿಯರಿಗೆ ಪರಿಚಯದ ಮುಖ, ಗೊತ್ತಿರುವ ಮಾತು ದೊಡ್ಡದು. ಬಳ್ಳಾರಿ, ರಾಯಚೂರಿನಲ್ಲಿ ಮನೆಯಲ್ಲಿ ತೆಲುಗೋ ಉರ್ದುವೋ ಆಡುವವರು ಬಹಳ. ಲಕ್ವ ಆದ ಮೇಲೆ ಕಲಿತ ಭಾಷೆ ಹೋಗಿ ಅವ್ವನ ಭಾಷೆಯಷ್ಟೇ ಉಳಿಯುವುದುಂಟು. ಆಗ ‘ನೋವಾಗ್ತದೆ’ ಅನ್ನುವುದು ಯಾವ ಭಾಷೆಯಲ್ಲಿ ಬಂದರೂ ತಿಳಿಯುವವರು ಬೇಕು. ಕೊರತೆ ಎಂದರೆ ಬದಲಿ ಇಲ್ಲ. ಭತ್ತದ ನಾಟಿ, ಕೊಯ್ಲು, ಉಗಾದಿ, ಮೊಹರಂ, ಗವಿಮಠದ ಜಾತ್ರೆ, ಇಷ್ಟಕ್ಕೆ ರಜೆ ಕೇಳಿಯೇ ಕೇಳುತ್ತಾರೆ, ಕೊಡಲೇಬೇಕು. ಆ ದಿನಗಳಿಗೆ ಮನೆಯ ಯಾರು ನಿಲ್ಲುತ್ತಾರೆ ಎಂಬುದನ್ನು ಕೆಲಸಕ್ಕೆ ಕರೆಯುವ ದಿನವೇ ಗೊತ್ತು ಮಾಡಿಕೊಳ್ಳಿ.

ನಾಲ್ಕನೆಯದು ಖಾಸಗಿ ಆಸ್ಪತ್ರೆಯ ಹೋಮ್ ಕೇರ್ ವಿಭಾಗ. ಡಾಕ್ಟರ್, ನರ್ಸ್, ಫಿಸಿಯೋ ಒಂದೇ ಕಡೆ ಸಿಗುತ್ತಾರೆ, ಆಸ್ಪತ್ರೆಯ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರುತ್ತದೆ, ಹೊಣೆ ಯಾರದೆಂಬುದು ಕಾಗದದಲ್ಲಿ ಇರುತ್ತದೆ. ದುಬಾರಿ. ವೆಂಟಿಲೇಟರ್ ಬಿಟ್ಟು ಬಂದವರು, ಟ್ರಕಿಯಾಸ್ಟಮಿ ಇರುವವರಾದರೆ ಬೇರೆ ಯೋಚನೆ ಬೇಡ, ಇದನ್ನೇ ಹಿಡಿಯಿರಿ.

ಸರ್ಕಾರದ ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರದವರು ಮನೆಗೆ ಬಂದು ಬಿಪಿ, ಶುಗರ್ ನೋಡಿ ಮಾತ್ರೆಯ ದಾರಿ ಹೇಳುತ್ತಾರೆ. ಪುಕ್ಕಟೆ. ಅದು ದಿನದ ಆರೈಕೆಗೆ ಬದಲಿಯಲ್ಲ, ಆದರೆ ಮೇಲಿನ ಯಾವ ದಾರಿ ಹಿಡಿದರೂ ನಿಮ್ಮ ಏರಿಯಾದ ಆಶಾಗೆ ಮನೆಯಲ್ಲಿ ಇಂಥ ರೋಗಿ ಇದ್ದಾರೆ ಎಂದು ತಿಳಿಸಿಡಿ.

24 ಗಂಟೆಯ ಲೆಕ್ಕ

‘24 ಗಂಟೆ’ ಎಂಬ ಮಾತಿಗೆ ಮೋಸಹೋಗುವವರೇ ಹೆಚ್ಚು. ಮನೆಯಲ್ಲೇ ಇರುವ ಒಬ್ಬರು 24 ಗಂಟೆ ಎಚ್ಚರ ಇರುವುದಿಲ್ಲ, ಇರಲಾರರು. ತಾವಾಗಿ ಹೊರಳಲಾರದ ರೋಗಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಡಾಕ್ಟರ್ ಹೇಳಿದ್ದರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರೊಳಗೆ ನಾಲ್ಕು ಸಲ ಏಳಬೇಕು. ಹಗಲೆಲ್ಲ ದುಡಿದವರು ಒಂದು ವಾರ ಏಳುತ್ತಾರೆ, ಎರಡನೇ ವಾರ ಒಂದು ಸಲ ಎದ್ದು ನಾಲ್ಕು ಸಲ ಎಂದು ಬರೆಯುತ್ತಾರೆ, ಮೂರನೇ ವಾರ ಬೆನ್ನ ಕೆಳಗೆ ಚರ್ಮ ಕಪ್ಪಾಗುತ್ತದೆ, ಅದೇ ಹಾಸಿಗೆ ಹುಣ್ಣಿನ ಶುರು. ಇಬ್ಬರು ಎರಡು ಪಾಳಿ ಮಾಡುವಷ್ಟು ದುಡ್ಡಿಲ್ಲದಿದ್ದರೆ ರಾತ್ರಿಯ ಎರಡು ಸಲದ ಹೊಣೆ ಮನೆಯವರದು ಎಂದು ಮೊದಲೇ ಹಂಚಿಕೊಳ್ಳಿ. ಏರ್ ಬೆಡ್ ಹಾಕಿದರೆ ಅಂತರವನ್ನು ಸ್ವಲ್ಪ ಹೆಚ್ಚಿಸಬಹುದೇ ಎಂದು ಡಾಕ್ಟರನ್ನು ಕೇಳಬಹುದು. ಮಗ್ಗುಲು ಬದಲಿಸುವುದನ್ನೇ ಬಿಡುವಂತಿಲ್ಲ.

ಫೋನಿನಲ್ಲಿ ಕೇಳಬೇಕಾದವು

– ಬರುವವರ ಹೆಸರು, ಓದು, ನೋಂದಣಿ ಸಂಖ್ಯೆ ಇವತ್ತೇ ವಾಟ್ಸಾಪ್ ಮಾಡುತ್ತೀರಾ? ‘ಬಂದ ಮೇಲೆ ನೋಡ್ರಿ’ ಅಂದರೆ ಯಾರು ಬರುತ್ತಾರೆಂದು ಅವರಿಗೇ ಗೊತ್ತಿಲ್ಲ.
– ಪೊಲೀಸ್ ಪರಿಶೀಲನೆ ಆಗಿದೆಯೇ, ಪತ್ರದ ತಾರೀಖು ಯಾವುದು? ನೇರವಾಗಿ ಇಟ್ಟುಕೊಳ್ಳುವುದಾದರೆ ಸೇವಾ ಸಿಂಧು ಮೂಲಕ ನೀವೇ ಅರ್ಜಿ ಹಾಕಿಸಬಹುದು.
– ನೀವು ಕೊಡುವ ಹಣದಲ್ಲಿ ಕೆಲಸ ಮಾಡುವವರ ಕೈಗೆ ಎಷ್ಟು ಹೋಗುತ್ತದೆ? ಬಾಯಿಬಿಡಲು ಹಿಂಜರಿಯುತ್ತಾರೆ, ಕೇಳಿ. ನೀವು 20,000 ಕೊಟ್ಟು ಅವರಿಗೆ 9,000 ಸಿಗುತ್ತಿದ್ದರೆ ತಿಂಗಳು ತುಂಬುವ ಮೊದಲೇ ಬಿಟ್ಟು ಹೋಗುತ್ತಾರೆ.
– ನರ್ಸ್ ಅಥವಾ ಮೇಲ್ವಿಚಾರಕರು ಮನೆಗೆ ಬಂದು ಕೆಲಸ ನೋಡುವುದು ಎಷ್ಟು ದಿನಕ್ಕೊಮ್ಮೆ?

ಗೋಡೆಯ ಮೇಲೆ ತೂಗುಹಾಕಿದ ಸರ್ಟಿಫಿಕೇಟಿನ ಬಗ್ಗೆ ಒಂದು ಮಾತು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಕಿರಾಣಿ ಅಂಗಡಿಗೂ ಇರುತ್ತದೆ. ಅದು ಆರೈಕೆಯ ಗುಣಮಟ್ಟಕ್ಕೆ ಸಾಕ್ಷಿಯಲ್ಲ.

ಮೊದಲ ಎರಡು ದಿನ ಹತ್ತಿರ ನಿಂತು ನೋಡಿ

ಒಳ್ಳೆಯ ಸೇವೆ ಯಾವುದು ಎಂಬುದು ಫೋನಿನಲ್ಲಿ ಅರ್ಧ ತಿಳಿಯುತ್ತದೆ, ಉಳಿದರ್ಧ ಮಂಚದ ಹತ್ತಿರ. ಎರಡು ದಿನ ಪ್ರಯೋಗಕ್ಕೆ ಒಪ್ಪದ ಏಜೆನ್ಸಿಗೆ ತಿಂಗಳ ಮುಂಗಡ ಕೊಡಬೇಡಿ.

ಮಗ್ಗುಲು ಬದಲಿಸುವುದನ್ನು ನೋಡಿ. ಪಳಗಿದವರು ರೋಗಿಯ ಕೆಳಗೆ ಭುಜದಿಂದ ತೊಡೆಯವರೆಗೆ ಅಡ್ಡಲಾಗಿ ಒಂದು ಮಡಚಿದ ದುಪ್ಪಟಿ ಹಾಸಿರುತ್ತಾರೆ. ಅದರ ಎರಡೂ ಅಂಚು ಹಿಡಿದು ಎತ್ತಿ ಸರಿಸುತ್ತಾರೆ, ಎಳೆಯುವುದಿಲ್ಲ. ಎಳೆದರೆ ಮೇಲಿನ ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮಾಂಸ ಜರುಗುತ್ತದೆ, ಹುಣ್ಣು ಅಲ್ಲಿಂದಲೇ ಹುಟ್ಟುತ್ತದೆ. ಪೂರ್ತಿ 90 ಡಿಗ್ರಿ ಮಗ್ಗುಲಾಗಿ ಮಲಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ತೇಲಿಸಬೇಕು. ಹಿಮ್ಮಡಿಯ ಕೆಳಗೆ ನೀರು ತುಂಬಿದ ಗ್ಲೌಸ್, ಸೊಂಟದ ಕೆಳಗೆ ಟ್ಯೂಬಿನಂಥ ರಿಂಗ್ ಇಡುವವರು ಹಳೆಯ ಪದ್ಧತಿಯವರು. ರಿಂಗ್ ತನ್ನ ಅಂಚಿನಲ್ಲೇ ರಕ್ತ ಹರಿಯುವುದನ್ನು ತಡೆಯುತ್ತದೆ.

ಲಕ್ವ ಹೊಡೆದವರಾದರೆ ಇನ್ನೊಂದನ್ನು ಗಮನಿಸಿ: ಎಬ್ಬಿಸುವಾಗ ಬಿದ್ದ ಕೈಯನ್ನು ಹಿಡಿದು ಎಳೆಯುತ್ತಾರೆಯೇ? ಎಳೆದರೆ ಭುಜದ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಸಲ ತಿದ್ದಿ ಹೇಳಿ, ಮತ್ತೆ ಎಳೆದರೆ ಅವರನ್ನು ಬದಲಿಸಿ.

ಚರ್ಮ ನೋಡುವ ಬಗೆಯಲ್ಲೂ ಕಲಿತವರು, ಕಲಿಯದವರು ಬೇರೆಯಾಗುತ್ತಾರೆ. ಪುಸ್ತಕದಲ್ಲಿ ‘ಕೆಂಪಾದ ಜಾಗ ಒತ್ತಿದರೆ ಬೆಳ್ಳಗಾಗದಿದ್ದರೆ ಹುಣ್ಣಿನ ಮೊದಲ ಹಂತ’ ಎಂದಿರುತ್ತದೆ. ನಮ್ಮ ಜನರ ಕಂದು, ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದೇ ಇಲ್ಲ. ಅಕ್ಕಪಕ್ಕಕ್ಕಿಂತ ಕಪ್ಪಾಗಿದೆಯೇ, ಮುಟ್ಟಿದರೆ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ ಎಂದು ಬೆರಳಿನಿಂದ ನೋಡಬೇಕು. ಬಾಲಮೂಳೆ, ಎರಡೂ ಸೊಂಟ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಆಕ್ಸಿಜನ್ ನಳಿಕೆ ಇದ್ದರೆ ಕಿವಿಯ ಹಿಂದೆ ಕೂಡ. ಕಪ್ಪಾದ ಜಾಗಕ್ಕೆ ಸ್ಪಿರಿಟ್ ಹಚ್ಚಿ ಪೌಡರ್ ತಿಕ್ಕಲು ಕೈಹಾಕಿದರೆ ತಡೆಯಿರಿ. ಸ್ಪಿರಿಟ್ ಚರ್ಮ ಒಣಗಿಸುತ್ತದೆ, ತಿಕ್ಕಿದರೆ ಮೊದಲೇ ಬಸವಳಿದ ಮಾಂಸ ಹರಿಯುತ್ತದೆ. ಅಲ್ಲಿ ಭಾರ ಬೀಳದಂತೆ ನೋಡಿಕೊಳ್ಳುವುದೇ ಮದ್ದು.

ಬಾಯಿಂದ ಊಟ ಮಾಡಿಸುವವರಾದರೆ ರೋಗಿಯನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿಟ್ಟು, ಅರ್ಧ ಚಮಚದಂತೆ ಕೊಟ್ಟು, ನುಂಗಿದ್ದನ್ನು ನೋಡಿ ಮುಂದಿನ ಚಮಚ ಎತ್ತಬೇಕು. ನುಂಗಲು ತೊಂದರೆ ಇರುವ ಲಕ್ವದವರಿಗೆ ನೀರೇ ಅಪಾಯ. ಅದು ನುಂಗುವ ಮೊದಲೇ ಜಾರಿ ಶ್ವಾಸಕೋಶಕ್ಕೆ ಹೋಗಬಹುದು. ಗಟ್ಟಿ ಜೋಳದ ಅಂಬಲಿಯೋ ಮೊಸರೋ ನೀರಿಗಿಂತ ಸಲೀಸು. ಯಾವುದು ಎಷ್ಟು ಗಟ್ಟಿ ಇರಬೇಕು ಎಂದು ಡಾಕ್ಟರ್ ಹೇಳಬೇಕು. ಊಟದ ಮೇಲೆ ದನಿ ಗೊರಗೊರ ಅಂದರೆ, ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ರೈಲ್ಸ್ ಟ್ಯೂಬ್ ಇದ್ದರೆ ಪರೀಕ್ಷೆ ಸುಲಭ. ಗಂಜಿ ಎತ್ತಿಕೊಳ್ಳುವ ಮೊದಲು ಅವರ ಕಣ್ಣು ಎಲ್ಲಿ ಹೋಗುತ್ತದೆ ನೋಡಿ. ಮೂಗಿನ ಹತ್ತಿರ ನಳಿಕೆಯ ಮೇಲೆ ಹಾಕಿದ ಗುರುತು ಇದ್ದಲ್ಲೇ ಇದೆಯೇ ಎಂದು ನೋಡಬೇಕು. ಹೊರಗೆ ಜರುಗಿದ್ದರೆ ಒಂದು ಹನಿಯೂ ಹಾಕಬಾರದು, ಒಳಗೆ ತಳ್ಳಲೂಬಾರದು, ನರ್ಸನ್ನು ಕರೆಸಬೇಕು. ಸಿರಿಂಜಿನಿಂದ ಗಾಳಿ ಊದಿ ಹೊಟ್ಟೆಗೆ ಕಿವಿಗೊಟ್ಟು ‘ಸರಿ ಅದರಿ’ ಅನ್ನುವುದನ್ನು ನಂಬುವಂತಿಲ್ಲ. ನಳಿಕೆ ಶ್ವಾಸಕೋಶದಲ್ಲಿದ್ದರೂ ಆ ಸದ್ದು ಕೇಳಬಹುದು. ತಲೆ ಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು, ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಹಾಗೇ ಇರಬೇಕು. ಗಂಜಿಯನ್ನು ಸೋಸಿ, ಸಿರಿಂಜಿನ ಒತ್ತುವ ಕಡ್ಡಿ (ಪ್ಲಂಜರ್) ತೆಗೆದು, ಎತ್ತರದಲ್ಲಿ ಹಿಡಿದು ತಾನಾಗಿ ಇಳಿಯಲು ಬಿಡಬೇಕು. ಒತ್ತಿ ತಳ್ಳಿದರೆ ವಾಂತಿ. ಮೊದಲು, ಕೊನೆಗೆ ಸುಮಾರು 30 ಮಿ.ಲೀ. ನೀರು ಹಾಕದಿದ್ದರೆ ರಾಗಿ ಗಂಜಿ ನಳಿಕೆಯಲ್ಲೇ ಹೆಪ್ಪುಗಟ್ಟುತ್ತದೆ. ಎಲ್ಲ ಮಾತ್ರೆಯನ್ನೂ ಒಟ್ಟಿಗೆ ಕುಟ್ಟಿ ಹಾಕುವವರಿಗೂ ಒಂದು ಎಚ್ಚರಿಕೆ: ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಎಲ್ ಎಂದಿರುವ ಮಾತ್ರೆ ಇಡೀ ದಿನಕ್ಕೆ ನಿಧಾನ ಕರಗಲು ಮಾಡಿದ್ದು. ಪುಡಿ ಮಾಡಿದರೆ ದಿನದ ಔಷಧ ಒಂದೇ ಸಲಕ್ಕೆ ಇಳಿಯುತ್ತದೆ.

ಕ್ಯಾಥೆಟರ್ ಚೀಲ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ತೂಗಿರಬೇಕು. ವೀಲ್‌ಚೇರಿಗೆ ದಾಟಿಸುವಾಗ ಚೀಲವನ್ನು ರೋಗಿಯ ತೊಡೆಯ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಬಹಳ ಜನ ಮಾಡುವ ತಪ್ಪಿದು. ಸಿಲಿಕೋನ್ ಕ್ಯಾಥೆಟರ್ ಆದರೆ ಹೆಚ್ಚೆಂದರೆ 12 ವಾರ, ಲೇಟೆಕ್ಸಿನದಕ್ಕೆ ಅಷ್ಟು ಬಾಳಿಕೆಯಿಲ್ಲ. ಹಾಕಿದ ತಾರೀಖನ್ನು ಚೀಲದ ಮೇಲೆ ಬರೆದಿರಬೇಕು.

ಇನ್ಸುಲಿನ್ ತಪ್ಪು ಹುಟ್ಟುವುದು ಸಿರಿಂಜಿನಲ್ಲಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿ.ಲೀ.ಗೆ 40 ಯೂನಿಟ್‌ದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಬಂದವರ ಕೈಗೆ ಬಾಟಲಿ, ಎರಡೂ ಸಿರಿಂಜ್ ಕೊಟ್ಟು ‘ಯಾವುದು ಇದಕ್ಕೆ ಅಕ್ಕಾ?’ ಎಂದು ಕೇಳಿ. ಶುಗರ್ 70ಕ್ಕಿಂತ ಕೆಳಗಿಳಿದರೆ ಏನು ಮಾಡುತ್ತೀರಿ ಎಂದೂ ಕೇಳಿ. ಎಚ್ಚರವಿದ್ದು ನುಂಗುವಂತಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡುವುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ. ಎಚ್ಚರ ತಪ್ಪಿದವರ ಬಾಯಿಗೆ ಸಕ್ಕರೆ ನೀರು ಸುರಿಯುತ್ತೇನೆ ಎಂದರೆ ಅವರ ಕೈಗೆ ಇನ್ಸುಲಿನ್ ಕೊಡಬೇಡಿ.

ನಮ್ಮ ಬಿಸಿಲು, ನಮ್ಮ ಕರೆಂಟು

ಬೆಂಗಳೂರಿನ ಕಂಪನಿಯ ಕೈಪಿಡಿಯಲ್ಲಿ ಇರದ ಮಾತುಗಳಿವು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆ ರಾತ್ರಿ ಹನ್ನೊಂದಕ್ಕೂ ಕಾದ ಹಂಚಿನಂತಿರುತ್ತದೆ. ಮಲಗಿದವರು ನೀರು ಕೇಳುವುದಿಲ್ಲ. 50 ಕೆ.ಜಿ.ಯ ರೋಗಿಗೆ ಗಂಟೆಗೆ ಸುಮಾರು 25 ಮಿ.ಲೀ.ಗಿಂತ ಕಡಿಮೆ ಮೂತ್ರ ಆಗುತ್ತಾ ಹೋದರೆ, ಬಣ್ಣ ಗಾಢವಾದರೆ ಡಾಕ್ಟರಿಗೆ ಹೇಳಬೇಕು. ಆರು ಗಂಟೆಯಲ್ಲಿ ಚೀಲದಲ್ಲಿ 150 ಮಿ.ಲೀ. ಆದರೂ ಇದೆಯೇ ಎಂದು ನೋಡುವವರು ಬೇಕು. ತೆರೆದ ಇನ್ಸುಲಿನ್ ಬಾಟಲಿ ಕಿಟಕಿಯ ಕಟ್ಟೆಯ ಮೇಲಿದ್ದರೆ ಶಕ್ತಿ ಹೋಗುತ್ತದೆ. ಫ್ರಿಜ್ ಇಲ್ಲದಿದ್ದರೆ ನೆರಳಲ್ಲಿಟ್ಟ ಒದ್ದೆ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಇಡಬೇಕು.

ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಮಿಷನ್) ಬಾಡಿಗೆಗೆ ಕೊಡುವವರನ್ನು ಜೆಸ್ಕಾಂ ಕರೆಂಟು ಹೋದಾಗ ಏನು ಮಾಡುತ್ತೀರಿ ಎಂದು ಕೇಳಿ. ನಿಮಿಷಕ್ಕೆ ಐದು ಲೀಟರ್ ಕೊಡುವುದು ಸುಮಾರು 350 ವ್ಯಾಟ್ ಎಳೆಯುತ್ತದೆ, ಫ್ಯಾನು, ಲೈಟಿನ ಲೆಕ್ಕದಲ್ಲಿ ಹಾಕಿಸಿದ ಇನ್ವರ್ಟರ್ ಬೇಗ ಸೋಲುತ್ತದೆ. ಜೊತೆಗೆ ಒಂದು ಬಿ ಟೈಪ್ ಸಿಲಿಂಡರ್ ಇರಲೇಬೇಕು: ಸುಮಾರು 1,500 ಲೀಟರ್, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ. ಮಿಷನ್ ಗೋಡೆಗೆ ಒತ್ತಿ ಇಡಬಾರದು, ಕಾಯುತ್ತದೆ. ಆಕ್ಸಿಜನ್‌ಗೆ ತೇವ ಕೊಡುವ ಅದರ ಬಾಟಲಿಗೆ ನಮ್ಮ ಬೋರಿನ ಸವುಳು ನೀರು ಹಾಕಿದರೆ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಹಾಕಿ, ದಿನಾ ಬದಲಿಸಬೇಕು. ಆ ಕೋಣೆಯಲ್ಲಿ ದೀಪ, ಊದುಬತ್ತಿ, ಬೀಡಿ ಯಾವುದೂ ಬೇಡ. ದೇವರ ಗೂಡು ಅಲ್ಲೇ ಇದ್ದರೆ ಮಂಚವನ್ನಾದರೂ ಜಾಗ ಬದಲಿಸಿ. ಬೀಡಿ ಸೇದಿ ಶ್ವಾಸಕೋಶ ಹಾಳಾದವರಿಗೆ ಆಕ್ಸಿಜನ್ ಮಟ್ಟವನ್ನು ಸಾಮಾನ್ಯವಾಗಿ 88ರಿಂದ 92ರೊಳಗೆ ಇಡಲು ಹೇಳಿರುತ್ತಾರೆ. 98 ಆಗಲಿ ಎಂದು ಗುಂಡಿ ತಿರುಗಿಸುವವರಿಂದ ರೋಗಿಗೆ ಮಂಪರು ಬಂದೀತು.

ನೋಟ್‌ಬುಕ್, ಹಣ

ಎರಡು ಏಜೆನ್ಸಿ ಒಂದೇ ತೂಕ ಅನ್ನಿಸಿದರೆ ನೋಟ್‌ಬುಕ್ ಇಡುವವರನ್ನು ಆರಿಸಿ. ಒಂದು ದಿನದ ಪುಟದಲ್ಲಿ ಮಗ್ಗುಲು ಬದಲಿಸಿದ ಗಂಟೆ ಮತ್ತು ಯಾವ ಮಗ್ಗುಲು, ಕೊಟ್ಟ ನೀರು, ಆದ ಮೂತ್ರ, ಮಲ, ಬಿಪಿ, ಶುಗರ್, ಚರ್ಮ, ಕೊಟ್ಟ ಮಾತ್ರೆ ಇರಬೇಕು. ಎರಡು ಗಂಟೆಗೊಮ್ಮೆ ಎಂದು ಇಡೀ ರಾತ್ರಿ ಒಂದೇ ಪೆನ್ನಿನ ಒಂದೇ ಓಟದ ಅಕ್ಷರ ಇದ್ದರೆ ಅದು ಬೆಳಿಗ್ಗೆ ಕೂತು ಬರೆದದ್ದು. ಬರೆಯಲು ಬಾರದವರಾದರೆ ಬಾಣದ ಗುರುತು ಹಾಕಿದ ಹಾಳೆ ಮಾಡಿಕೊಡಿ, ಟಿಕ್ ಹಾಕಿದರೆ ಸಾಕು.

ಕಾಗದದಲ್ಲಿ ಇರಬೇಕಾದವು: ಬರದ ದಿನದ ಹಣ ಕಡಿತ, ಬದಲಿಯ ಗಡುವು, ಮಾಡುವ ಮತ್ತು ಮಾಡದ ಕೆಲಸ, ಊಟ ಯಾರದು, ವಾರದ ರಜೆ. ಹಣವನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕ ಕೊಡಿ. ರೋಗಿಯ ಎಟಿಎಂ ಪಿನ್, ಬೀರುವಿನ ಬೀಗದಕೈ ಯಾರ ಕೈಗೂ ಬೇಡ. ಕೆಲಸದವರ ಒಳ್ಳೆಯತನಕ್ಕೂ ಅದು ರಕ್ಷಣೆ. ಕ್ಯಾಮೆರಾ ಹಾಕುವುದಾದರೆ ಹೇಳಿ ಹಾಕಿ, ಮೈ ಒರೆಸುವ ಜಾಗದ ಕಡೆ ತಿರುಗಿಸಬೇಡಿ. ಉಪಯೋಗಿಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಆಸ್ಪತ್ರೆಗೆ ಒಪ್ಪಿಸಬೇಕು. ಕಸದ ಗಾಡಿಯವರ ಕೈಗೆ ಚುಚ್ಚಬಾರದು.

ಮಕ್ಕಳು ಬೆಂಗಳೂರಿನಲ್ಲಿದ್ದು ತಂದೆತಾಯಿ ಇಲ್ಲಿದ್ದರೆ ದಿನಾ ವಿಡಿಯೋ ಕಾಲ್ ಮಾಡಿದರೂ ‘ಆರಾಮ್ ಅದಾರ್ರಿ’ ಅನ್ನುವುದಷ್ಟೇ ಕೇಳುತ್ತದೆ. ವಾರಕ್ಕೊಮ್ಮೆ ಹೇಳದೆ ಬಂದು ಬೆನ್ನು, ಹಿಮ್ಮಡಿ ನೋಡುವ ಹತ್ತಿರದ ನೆಂಟರನ್ನೋ ಪಕ್ಕದ ಮನೆಯವರನ್ನೋ ಗೊತ್ತು ಮಾಡಿ. ಮೈಮೇಲೆ ಕಾರಣ ಹೇಳದ ಕಂದಿದ ಗಾಯ, ಕೈಗೆ ಕಟ್ಟಿದ ಗುರುತು, ಕೇರ್‌ಟೇಕರ್ ಒಳಬಂದ ಕೂಡಲೇ ರೋಗಿ ಮಾತು ನಿಲ್ಲಿಸುವುದು ಕಂಡರೆ ಆ ಕೇರ್‌ಟೇಕರನ್ನು ಅವತ್ತೇ ಕಳಿಸಿ, ಬದಲಿ ಬರುವವರೆಗೆ ಮನೆಯವರೇ ನಿಲ್ಲಿ. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. ಹೊತ್ತು ಮೀರಿದ್ದರೆ 112.